ಬೈಗುಳಕ್ಕೂ ಒಂದು ಊರುಂಟು

ಬೈಗುಳವೆಂಬುದು ಎಲ್ಲ ಭಾಷೆಗಳಲ್ಲಿಯೂ ಇದೆ. ಅದನ್ನು ಕಲಿಸುವ ಶಾಲೆ ಮಾತ್ರ ಎಲ್ಲಿಯೂ ಇಲ್ಲ. ವ್ಯಾಕರಣ ಗ್ರಂಥಗಳು ಅದನ್ನು ವಿವರಿಸುವುದಿಲ್ಲ, ಉಪಾಧ್ಯಾಯರು ಅದರ ಪಾಠ ಹೇಳುವುದಿಲ್ಲ. ಆದುದರಿಂದಲೇ ಪರದೇಶಕ್ಕೆ ಹೋಗಿ ನೆಲೆಸಿದವರು ಅಲ್ಲಿಯ ಭಾಷೆಯನ್ನು ಎಷ್ಟೇ ಚೆನ್ನಾಗಿ ಬಲ್ಲವರಾಗಿದ್ದರೂ ಈ ಒಂದು ವಿಷಯದಲ್ಲಿ ಬಹುಕಾಲ ಹಸುಗೂಸುಗಳಾಗಿಯೇ ಉಳಿಯುತ್ತಾರೆ. ಯಾವ ಮಾತಿಗೆ ನಗಬೇಕು, ಯಾವ ಮಾತಿಗೆ ಸುಮ್ಮನಿರಬೇಕು, ಯಾವ ಮಾತನ್ನು ಎದ್ದುನಿಂತು ಪ್ರತಿಭಟಿಸಬೇಕು ಎಂಬುದು ಅವರಿಗೆ ಬೇಗನೆ ತಿಳಿಯುವುದಿಲ್ಲ. ಬ್ರಿಟನ್ನಿನಂತಹ ದೇಶದಲ್ಲಂತೂ ಈ ಕಷ್ಟ ಇಮ್ಮಡಿ. ಅಲ್ಲಿ ಒಂದೇ ಬೈಗುಳವು ನೂರು ಮೈಲಿ ದಾಟುವಷ್ಟರಲ್ಲಿ ತನ್ನ ಅರ್ಥವನ್ನೂ ತೂಕವನ್ನೂ ಬದಲಿಸಿಕೊಂಡುಬಿಡುತ್ತದೆ.

ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ವೈದ್ಯರಾಗಿ, ದಾದಿಯರಾಗಿ, ಇಂಜಿನಿಯರರಾಗಿ ಆ ದೇಶದಲ್ಲಿದ್ದಾರೆ. ನಮ್ಮ ಮಗಳು ಮತ್ತು ಅಳಿಯಂದಿರು ಇರುವುದು ನಾಟಿಂಗ್‌ಹ್ಯಾಮ್ ನಗರದಲ್ಲಿ. ಎರಡು ಸಲ ಹೋಗಿ ಒಟ್ಟು ಹತ್ತು ತಿಂಗಳು ಅವರೊಡನೆ ಇದ್ದು ಬಂದೆವು. ಕಟ್ಟಡಗಳನ್ನೂ ಉದ್ಯಾನಗಳನ್ನೂ ನೋಡಿ ಬಂದವರು ಬಹಳ ಜನ ಬರೆದಿದ್ದಾರೆ. ಮೊಮ್ಮಕ್ಕಳನ್ನು ಬೆಳೆಸುತ್ತಿರುವ ಮನೆಗಳಿಗೆ ಇದೂ ಒಂದಿಷ್ಟು ಉಪಯೋಗವಾದೀತೆಂದು ನಾವು ಅಲ್ಲಿಯ ಬೈಗುಳಗಳ ವಿಷಯವನ್ನು ಆರಿಸಿಕೊಂಡಿದ್ದೇವೆ. ಓದುಗ ಬಂಧುಗಳು ಅನ್ಯಥಾ ಭಾವಿಸಬಾರದು. ಮನೆಯ ಪತ್ರಿಕೆಯಲ್ಲಿ ಅಚ್ಚು ಹಾಕಬಾರದ ಮಾತು ಯಾವುದೂ ಇಲ್ಲಿ ಬರುವುದಿಲ್ಲ.

ಮೊದಲು ಬೈಗುಳದಂತೆ ಕೇಳಿಸಿ ಬೈಗುಳವಲ್ಲದ ಮಾತುಗಳನ್ನು ನೋಡೋಣ. ನಾಟಿಂಗ್‌ಹ್ಯಾಮ್, ಡರ್ಬಿ, ಸ್ಟೋಕ್ ಈ ಊರುಗಳಲ್ಲಿ ಅಂಗಡಿಯವರು, ಬಸ್ಸಿನ ಚಾಲಕರು ಎಲ್ಲರೂ ಗಿರಾಕಿಯನ್ನು ‘ಡಕ್’ ಎಂದು ಕರೆಯುತ್ತಾರೆ. ಹಾಗೆಂದರೆ ಬಾತುಕೋಳಿ! ನಮ್ಮ ಮನೆಯವರಿಗೆ ಇದು ಒಗ್ಗಲು ಮೂರು ವಾರ ಬೇಕಾಯಿತು. “ಅದು ಬೈಗುಳ ಅಲ್ಲವ್ವಾ, ನಮ್ಮ ಕಡೆ ‘ತಂಗೀ’ ಅಂದಂಗ” ಎಂದು ಮಗಳು ತಿಳಿಸಿ ಹೇಳಿದಳು. ಗ್ಲ್ಯಾಸ್ಗೊ ನಗರದಲ್ಲಿ ಹೆಂಗಸರನ್ನು ‘ಹೆನ್’, ಅಂದರೆ ಹೇಂಟೆ ಎನ್ನುತ್ತಾರೆ. ನ್ಯೂಕ್ಯಾಸಲ್‌ನಲ್ಲಿ ‘ಪೆಟ್’ ಎನ್ನುತ್ತಾರೆ. ಬ್ರಿಸ್ಟಲ್ ಮತ್ತು ಡೆವನ್ ಕಡೆ ವಯಸ್ಸಾದ ಅಂಗಡಿಯಾಕೆ ಪರಪುರುಷನನ್ನು ‘ಮೈ ಲವರ್’ ಎಂದು ಕರೆದರೂ ಯಾರೂ ತಲೆ ಎತ್ತಿ ನೋಡುವುದಿಲ್ಲ. ಈ ಮಾತುಗಳನ್ನು ಅವುಗಳ ಊರಿನಿಂದ ಕಿತ್ತು ಬೇರೆ ಊರಿನ ಕಚೇರಿಯಲ್ಲಿ ಆಡಿದರೆ ಅಲ್ಲಿ ಕೇಳುವ ಹೆಂಗಸಿಗೆ ಅವಮಾನವೆನಿಸುವುದುಂಟು.

ಇನ್ನು ಬೈಗುಳವೇ ಆಗಿದ್ದು ಊರಿನಿಂದ ಊರಿಗೆ ಹಗುರವಾಗುವ, ಭಾರವಾಗುವ ಮಾತುಗಳು. ‘ಡ್ಯಾಫ್ಟ್’ ಎಂದರೆ ದಡ್ಡ. ದಕ್ಷಿಣ ಇಂಗ್ಲೆಂಡಿನಲ್ಲಿ ಅಪರಿಚಿತರಿಗೆ ಹೀಗೆಂದರೆ ಮುಖ ಕೆಂಪಾಗುತ್ತದೆ. ಯಾರ್ಕ್‌ಶೈರ್, ಲ್ಯಾಂಕಶೈರ್ ಪ್ರಾಂತಗಳಲ್ಲಿ ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ದಿನಕ್ಕೆ ಹತ್ತು ಸಲ ಅನ್ನುತ್ತಾರೆ. ಅದಕ್ಕೆ ‘ಏಪತ್’ ಎಂಬ ಬಾಲವನ್ನೂ ಸೇರಿಸುತ್ತಾರೆ. ಅದು ಅರ್ಧ ಪೆನ್ನಿಯ ಬೆಲೆಯುಳ್ಳದ್ದು ಎಂಬ ಮಾತಿನ ಸವೆದ ರೂಪ. ಅರ್ಧ ಪೆನ್ನಿಯ ನಾಣ್ಯವು 1984ರಲ್ಲಿಯೇ ಚಲಾವಣೆಯಿಂದ ಹೋಯಿತು, ಬೈಗುಳ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ. ಲಿವರ್‌ಪೂಲ್‌ನಲ್ಲಿ ‘ಸಾಫ್ಟ್ ಲ್ಯಾಡ್’ ಎಂದರೆ ಮೃದು ಹುಡುಗನೆಂದಲ್ಲ, ಪೆದ್ದ ಎಂದು. ಅದೂ ಸಲಿಗೆಯ ಮಾತು. ‘ಕ್ಯಾನಿ’ ಎಂಬುದು ಸ್ಕಾಟ್ಲೆಂಡಿನಲ್ಲಿ ಲೆಕ್ಕಾಚಾರದ ಮನುಷ್ಯನಿಗೆ ಸಲ್ಲುತ್ತದೆ. ಇಂಗ್ಲಿಷರು ಸ್ಕಾಟರಿಗೆ ಅದನ್ನು ಅಂದಾಗ ಜಿಪುಣ ಎಂಬ ವ್ಯಂಗ್ಯ ಒಳಗೆ ಇರುವುದುಂಟು. ಅದೇ ಪದ ನ್ಯೂಕ್ಯಾಸಲ್‌ನಲ್ಲಿ ಒಳ್ಳೆಯವನು ಎಂಬ ಹೊಗಳಿಕೆಯಾಗುತ್ತದೆ.

ನಮ್ಮ ಮಗಳ ಊರಿಗೇ ವಿಶೇಷವಾದ ಎರಡು ಪದಗಳಿವೆ. ಮುನಿಸಿಕೊಂಡು ಮುಖ ಊದಿಸುವ ಮಗುವಿಗೆ ‘ಮಾರ್ಡಿ’ ಎನ್ನುತ್ತಾರೆ. ನಾಟಿಂಗ್‌ಹ್ಯಾಮ್ ಬಳಿಯ ಈಸ್ಟ್‌ವುಡ್ ಎಂಬ ಗಣಿ ಊರಿನಲ್ಲಿ 1885ರಲ್ಲಿ ಹುಟ್ಟಿದ ಕಾದಂಬರಿಕಾರ ಡಿ. ಎಚ್. ಲಾರೆನ್ಸರು ಈ ಪದವನ್ನು ತಮ್ಮ ಬರವಣಿಗೆಯಲ್ಲಿ ಬಳಸಿದ್ದಾರೆ. ಲಂಡನ್ನಿನಲ್ಲಿ ಬೆಳೆದ ಎಷ್ಟೋ ಮಂದಿಗೆ ಅದು ಹೊಸ ಪದ. ಇನ್ನೊಂದು ‘ನೆಶ್’. ಸ್ವಲ್ಪ ಚಳಿಗೇ ನಡುಗುವವನು ಎಂದು ಅದರ ಅರ್ಥ. ಮೇ ತಿಂಗಳಿನಲ್ಲಿ ನಾವು ಉಣ್ಣೆಯ ಟೊಪ್ಪಿಗೆ, ಮಫ್ಲರು, ಎರಡೆರಡು ಸ್ವೆಟರು ಧರಿಸಿ ಹೊರಟಾಗ ನೆರೆಮನೆಯ ಮುದುಕರು ಬೇಲಿಯ ಆಚೆಯಿಂದ ನಗುತ್ತ ಈ ಬಿರುದನ್ನು ನಮಗೆ ದಯಪಾಲಿಸಿದರು. ಧಾರವಾಡದ ಬಿಸಿಲಿನಲ್ಲಿ ಅವರನ್ನು ನಿಲ್ಲಿಸಿ ನಾವೂ ಒಂದು ಬಿರುದು ಕೊಡುವೆವೆಂದು ಮಗಳ ಮೂಲಕ ಹೇಳಿ ಕಳಿಸಿದೆವು. ಆ ದಿನದಿಂದ ನಮ್ಮಿಬ್ಬರಲ್ಲಿ ಸ್ನೇಹ ಬೆಳೆಯಿತು.

ಇದೆಲ್ಲ ನಮಗೆ ತೀರ ಅಪರಿಚಿತವೆಂದು ಹೇಳಲಾಗದು. ಧಾರವಾಡದ ಕಡೆ ಬಾಲ್ಯದ ಗೆಳೆಯರು ಬಹುದಿನದ ಮೇಲೆ ಭೇಟಿಯಾದರೆ “ಯಾಕಲೇ ಮಂಗ್ಯಾ, ಎಲ್ಲಿ ಸತ್ತಿದ್ದಿ ಇಷ್ಟ ದಿನಾ?” ಎಂದೇ ಮಾತು ಆರಂಭವಾಗುವುದು. ಇದನ್ನು ಮೈಸೂರಿನ ಕಡೆಯವರು ಕೇಳಿದರೆ ಜಗಳವೇ ಹತ್ತಿತೆಂದು ತಿಳಿದು ಬಿಡಿಸಲು ಬರುತ್ತಾರೆ.

ಇಂತಹ ಮಾತುಗಳನ್ನು ಗಂಭೀರ ಅಧ್ಯಯನಕ್ಕೆ ಯೋಗ್ಯವೆಂದು ಬಗೆದ ವಿದ್ವಾಂಸರು ಆ ದೇಶದಲ್ಲಿ ಆಗಿಹೋಗಿದ್ದಾರೆ. ಅವರಲ್ಲಿ ಜೋಸೆಫ್ ರೈಟ್ ಎಂಬವರ ಜೀವನವು ಕಾಯಕನಿಷ್ಠೆಯನ್ನು ಬಲ್ಲ ನಮ್ಮ ಜನರಿಗೆ ಬಹಳ ಹಿಡಿಸುವಂತಹದು. 1855ರಲ್ಲಿ ಯಾರ್ಕ್‌ಶೈರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಆರನೆಯ ವಯಸ್ಸಿಗೆ ಕಲ್ಲುಗಣಿಯಲ್ಲಿ ಕತ್ತೆ ಹೊಡೆಯುವ ಹುಡುಗರಾಗಿ ದುಡಿದರು. ಬಳಿಕ ಗಿರಣಿಯಲ್ಲಿ ದುಡಿದರು. ಹದಿನೈದು ವರ್ಷದವರೆಗೆ ಅವರಿಗೆ ಓದಲು ಬರುತ್ತಿರಲಿಲ್ಲ. ಮುಂದೆ ರಾತ್ರಿ ಶಾಲೆಗಳಲ್ಲಿ ಕಲಿತು, ಜರ್ಮನಿಗೆ ಹೋಗಿ ಡಾಕ್ಟರೇಟ್ ಪಡೆದು, ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕರಾದರು. 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಅವರು ಹೊರತಂದ ಇಂಗ್ಲಿಷ್ ಉಪಭಾಷಾ ನಿಘಂಟಿನಲ್ಲಿ ಹಳ್ಳಿಹಳ್ಳಿಯ ಬೈಗುಳಗಳೂ ಅಡಕವಾಗಿವೆ. 1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದವರು 313 ಊರುಗಳಲ್ಲಿ ತಿರುಗಿ ಹಳೆಯ ರೈತಾಪಿ ಜನರ ನುಡಿಯನ್ನು ಸಂಗ್ರಹಿಸಿದರು. ಕಲಿತವರು ಕೀಳೆಂದು ತಳ್ಳಿದ ಆಡುಮಾತಿಗೆ ಹೀಗೆ ಗೌರವದ ಸ್ಥಾನ ದೊರೆಯಿತು.

ಈ ವಿದ್ವಾಂಸರ ಗ್ರಂಥಗಳನ್ನು ತಿರುವಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಇಂದಿನ ಎಷ್ಟೋ ಬೈಗುಳಗಳು ಹಿಂದೆ ಬೈಗುಳಗಳೇ ಆಗಿರಲಿಲ್ಲ. ಮೇಲೆ ಹೇಳಿದ ‘ಡ್ಯಾಫ್ಟ್’ ಹಳೆಯ ಇಂಗ್ಲಿಷಿನಲ್ಲಿ ಸೌಮ್ಯ ಸ್ವಭಾವದವನಿಗೆ ಸಲ್ಲುತ್ತಿದ್ದ ಪದ. ಮೂರ್ಖನೆಂಬ ಅರ್ಥದ ‘ಸಿಲ್ಲಿ’ ಎಂಬುದಕ್ಕೆ ಮೂಲದಲ್ಲಿ ಧನ್ಯ, ಸುಖಿ ಎಂಬ ಅರ್ಥವಿತ್ತು. ಧನ್ಯನಾದವನು ನಿಷ್ಕಪಟಿಯಾದನು, ನಿಷ್ಕಪಟಿಯಾದವನು ಕನಿಕರಕ್ಕೆ ಪಾತ್ರನಾದನು, ಕಡೆಗೆ ಮೂರ್ಖನೇ ಆದನು. ನಮ್ಮಲ್ಲಿಯೂ ‘ಭೋಳೆ ಮನುಷ್ಯ’ ಎಂದಾಗ ಹೊಗಳಿಕೆಯೋ ತೆಗಳಿಕೆಯೋ ಎಂಬ ಸಂಶಯ ಬರುವುದಿಲ್ಲವೇ? ಲೋಕವು ಒಳ್ಳೆಯತನವನ್ನು ದಡ್ಡತನವೆಂದು ಎಣಿಸುವುದು ಒಂದು ದೇಶದ ರೋಗವಲ್ಲ.

‘ಚ್ಯಾವ್’ ಎಂಬ ಇನ್ನೊಂದು ಪದದ ಕತೆ ಇದಕ್ಕಿಂತ ನೋವಿನದು. ಅಲೆಮಾರಿಗಳಾದ ರೊಮಾನಿ ಜನರ ನುಡಿಯಲ್ಲಿ ಮಗು ಎಂಬ ಅರ್ಥದ ಪದದಿಂದ ಇದು ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. 2004ರ ಸುಮಾರಿಗೆ ಅದು ದೇಶದ ಪತ್ರಿಕೆಗಳಲ್ಲೆಲ್ಲ ಹಬ್ಬಿ, ಸರಕಾರಿ ವಸತಿಗಳಲ್ಲಿ ಬೆಳೆದ ಬಡ ದುಡಿಯುವ ವರ್ಗದ ಹುಡುಗರನ್ನು ಹೀಯಾಳಿಸುವ ಮಾತಾಯಿತು. ಗ್ಲ್ಯಾಸ್ಗೊದವರು ಅಂಥವರನ್ನು ‘ನೆಡ್’ ಎಂದರೆ, ಲಿವರ್‌ಪೂಲ್‌ನವರು ‘ಸ್ಕ್ಯಾಲಿ’ ಎಂದರು, ನ್ಯೂಕ್ಯಾಸಲ್‌ನವರು ‘ಚಾರ್ವರ್’ ಎಂದರು. ಊರಿಗೊಂದು ಹೆಸರು, ಆದರೆ ಏಟು ಬಿದ್ದುದು ಎಲ್ಲೆಡೆಯಲ್ಲಿಯೂ ಬಡವನ ಬೆನ್ನಿಗೇ. ಓವೆನ್ ಜೋನ್ಸ್ ಎಂಬ ಲೇಖಕರು 2011ರಲ್ಲಿ ಇದನ್ನೇ ಕುರಿತು ಒಂದು ಪುಸ್ತಕ ಬರೆದು, ಹಾಸ್ಯದ ಹೆಸರಿನಲ್ಲಿ ಒಂದು ವರ್ಗವನ್ನೇ ತುಚ್ಛೀಕರಿಸುವುದನ್ನು ಖಂಡಿಸಿದರು.

ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಇವೆ. ಇಂಗ್ಲೆಂಡಿನ ಈಶಾನ್ಯ ಕಡಲ ತೀರದ ಹಾರ್ಟಲ್‌ಪೂಲ್ ಎಂಬ ಊರಿನವರನ್ನು ಸುತ್ತಲಿನವರು ‘ಕೋತಿಯನ್ನು ಗಲ್ಲಿಗೇರಿಸಿದವರು’ ಎಂದು ಹಂಗಿಸುತ್ತಾರೆ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಫ್ರೆಂಚರ ಹಡಗೊಂದು ಒಡೆದು, ಅದರಲ್ಲಿ ಬದುಕಿ ಉಳಿದ ಕೋತಿಯೊಂದು ದಡ ಸೇರಿತಂತೆ. ಊರಿನ ಬೆಸ್ತರು ಅದನ್ನು ಫ್ರೆಂಚ್ ಗೂಢಚಾರನೆಂದು ಬಗೆದು ವಿಚಾರಣೆ ನಡೆಸಿ ಗಲ್ಲಿಗೇರಿಸಿದರೆಂದು ದಂತಕತೆ. ಊರಿನವರು ಈ ಹಂಗಿಗೆ ಸಿಟ್ಟಾಗಲಿಲ್ಲ. ತಮ್ಮ ಫುಟ್‌ಬಾಲ್ ತಂಡಕ್ಕೆ ಕೋತಿಯ ವೇಷಧಾರಿಯನ್ನೇ ಲಾಂಛನವಾಗಿ ಇಟ್ಟುಕೊಂಡರು. ಆ ವೇಷ ತೊಡುತ್ತಿದ್ದ ಸ್ಟುವರ್ಟ್ ಡ್ರಮಂಡ್ ಎಂಬ ಯುವಕ 2002ರಲ್ಲಿ ಶಾಲಾಮಕ್ಕಳಿಗೆ ಉಚಿತ ಬಾಳೆಹಣ್ಣು ಕೊಡಿಸುವೆನೆಂದು ಹೇಳಿ ಮೇಯರ್ ಪದವಿಗೆ ನಿಂತು ಗೆದ್ದೇಬಿಟ್ಟರು. 2005ರಲ್ಲಿಯೂ 2009ರಲ್ಲಿಯೂ ಮತ್ತೆ ಆರಿಸಿ ಬಂದರು. ಹಾಗೆಯೇ ಯಾರ್ಕ್‌ಶೈರಿನವರಿಗೆ ‘ಟೈಕ್’ ಎಂಬ ಅಡ್ಡಹೆಸರು. ಅದಕ್ಕೆ ಕಂತ್ರಿನಾಯಿ ಎಂಬ ಅರ್ಥವುಂಟು. ಬಾರ್ನ್ಸ್‌ಲಿ ಊರಿನ ಫುಟ್‌ಬಾಲ್ ತಂಡದವರು ಅದನ್ನು ತಮ್ಮ ಹೆಮ್ಮೆಯ ಹೆಸರಾಗಿ ಹೊತ್ತಿದ್ದಾರೆ.

ಹಾಗಾದರೆ ಬೈಗುಳವೆಲ್ಲ ಕೇಳುವವನ ಮನಸ್ಸಿನಲ್ಲಿದೆ, ಹಗುರವಾಗಿ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನಬಹುದೇ? ಅಲ್ಲಿಯೇ ನಾವು ಎಚ್ಚರ ವಹಿಸಬೇಕಾದುದು. ಸಲಿಗೆಯ ಬೈಗುಳಕ್ಕೆ ಹೆಸರಾದ ಅದೇ ಯಾರ್ಕ್‌ಶೈರಿನಲ್ಲಿ ಅಜೀಂ ರಫೀಕ್ ಎಂಬ ಪಾಕಿಸ್ತಾನ ಮೂಲದ ಕ್ರಿಕೆಟ್ ಆಟಗಾರರು ತಮ್ಮನ್ನು ಜನಾಂಗ ಸೂಚಕವಾದ ಬೈಗುಳದಿಂದ ಕರೆಯುತ್ತಿದ್ದರೆಂದು 2020ರಲ್ಲಿ ಬಹಿರಂಗವಾಗಿ ದೂರಿದರು. ಅದು ಗೆಳೆಯರ ನಡುವಿನ ತಮಾಷೆಯೆಂಬ ಅಭಿಪ್ರಾಯವು ವಿಚಾರಣಾ ವರದಿಯಲ್ಲಿತ್ತೆಂದು 2021ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದಾಗ ದೇಶವೇ ಕೆರಳಿತು. ಆ ತಿಂಗಳ 16ರಂದು ಅವರು ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಣ್ಣೀರಿನೊಡನೆ ಸಾಕ್ಷ್ಯ ನುಡಿದರು. ಎರಡೇ ದಿನಗಳಲ್ಲಿ, ಅವರೇ 2011ರಲ್ಲಿ ಯಹೂದ್ಯರನ್ನು ಹೀನಾಯಿಸಿ ಕಳಿಸಿದ್ದ ಸಂದೇಶಗಳು ಬೆಳಕಿಗೆ ಬಂದವು. ಅವರು ನೆಪ ಹೇಳದೆ ಕ್ಷಮೆ ಕೇಳಿದರು. ಬೈಗುಳದ ಗಾಯ ಉಂಡವನೂ ಇನ್ನೊಬ್ಬನಿಗೆ ಗಾಯ ಮಾಡಬಲ್ಲನು ಎಂಬ ಕಹಿ ಸತ್ಯ ಇದರಲ್ಲಿದೆ.

‘ಪಾಕಿ’ ಎಂಬ ಆ ಪದವು ನಮ್ಮಲ್ಲಿ ಪಾಕಿಸ್ತಾನದವನು ಎಂಬುದರ ಸಂಕ್ಷೇಪವೆಂದಷ್ಟೇ ಕೇಳಿಸೀತು. ಕ್ರಿಕೆಟ್ ನೋಡುವಾಗ ನಮ್ಮ ಹುಡುಗರು ಅದನ್ನು ಲೀಲಾಜಾಲವಾಗಿ ಅನ್ನುವುದುಂಟು. ಬ್ರಿಟನ್ನಿನಲ್ಲಿ ಅದರ ಚರಿತ್ರೆ ಬೇರೆ. 1970ರ ದಶಕದಲ್ಲಿ ಪುಂಡರ ಗುಂಪುಗಳು ಇದೇ ಪದವನ್ನು ಕೂಗುತ್ತ ಬೀದಿಯಲ್ಲಿ ಭಾರತೀಯರನ್ನೂ ಪಾಕಿಸ್ತಾನಿಗಳನ್ನೂ ಬಂಗಾಲಿಗಳನ್ನೂ ಭೇದವಿಲ್ಲದೆ ಬಡಿಯುತ್ತಿದ್ದವು. 1978ರ ಮೇ 4ರಂದು ಪೂರ್ವ ಲಂಡನ್ನಿನಲ್ಲಿ ಆಲ್ತಾಬ್ ಅಲಿ ಎಂಬ ಬಂಗಾಲಿ ಹೊಲಿಗೆ ಕೆಲಸಗಾರನು ಜನಾಂಗ ದ್ವೇಷಕ್ಕೆ ಬಲಿಯಾದನು; ಅಲ್ಲಿಯ ಉದ್ಯಾನವೊಂದಕ್ಕೆ ಇಂದು ಅವನ ಹೆಸರಿದೆ. ಆ ದೇಶಕ್ಕೆ ಹೊಸದಾಗಿ ಹೋಗುವ ನಮ್ಮ ಹುಡುಗರು ಈ ಪದವನ್ನು ಕನಸಿನಲ್ಲಿಯೂ ಆಡಬಾರದೆಂದು ನಾವು ಖಂಡಿತವಾಗಿ ಹೇಳುತ್ತೇವೆ.

ಇನ್ನೊಂದು ಪದ ನಮ್ಮ ಮಗಳ ಮನೆಯಲ್ಲಿಯೇ ಬಂದಿತು. ಒಂದು ಸಂಜೆ ಊಟದ ಹೊತ್ತಿಗೆ ಮೊಮ್ಮಗಳ ಕೈಯಿಂದ ನೀರಿನ ಲೋಟ ಜಾರಿ ಬಿದ್ದಿತು. ಹತ್ತು ವರ್ಷದ ಮೊಮ್ಮಗನು ನಗುತ್ತ ಅಕ್ಕನಿಗೆ ‘ಸ್ಪ್ಯಾಜ್’ ಎಂದನು. ಮಗಳ ಮುಖದ ಬಣ್ಣ ಬದಲಾಯಿತು. ಅವನಾದರೋ ಅದನ್ನು ಅಮೆರಿಕದ ಯಾವುದೋ ಚಿತ್ರದಿಂದ ಕಲಿತಿದ್ದನು. ಅಲ್ಲಿ ಅದಕ್ಕೆ ತೊಡರುಗಾಲಿನವನು, ಗಡಿಬಿಡಿಯವನು ಎಂಬಷ್ಟೇ ಅರ್ಥ. ಬ್ರಿಟನ್ನಿನಲ್ಲಿ ಅದು ಮೆದುಳಿನ ಪಾರ್ಶ್ವವಾಯು ಇರುವ ಮಕ್ಕಳನ್ನು ಅಣಕಿಸುವ ಅತ್ಯಂತ ಕ್ರೂರವಾದ ಬೈಗುಳ. ಅಂತಹ ಮಕ್ಕಳ ಸೇವೆಗೆಂದು 1952ರಲ್ಲಿ ಅಲ್ಲಿ ‘ಸ್ಪ್ಯಾಸ್ಟಿಕ್ಸ್ ಸೊಸೈಟಿ’ ಹುಟ್ಟಿತು. ಶಾಲೆಯ ಮಕ್ಕಳು ಆ ವೈದ್ಯಕೀಯ ಪದವನ್ನು ಬೈಗುಳವನ್ನಾಗಿ ಮಾಡಿಕೊಂಡುದರಿಂದ ಆ ಸಂಸ್ಥೆಯವರು 1994ರಲ್ಲಿ ತಮ್ಮ ಹೆಸರನ್ನೇ ‘ಸ್ಕೋಪ್’ ಎಂದು ಬದಲಿಸಬೇಕಾಯಿತು. ನಮ್ಮ ಬೆಂಗಳೂರಿನಲ್ಲಿ ಅದೇ ಪದವನ್ನು ಹೆಸರಿನಲ್ಲಿ ಧರಿಸಿದ ‘ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ’ ಎಷ್ಟೋ ವರ್ಷಗಳಿಂದ ಇಂತಹ ಮಕ್ಕಳಿಗೆ ಆಸರೆಯಾಗಿದೆ. ನಮ್ಮವರಿಗೆ ಆ ಹೆಸರು ಕೇಳಿದರೆ ಕೈ ಮುಗಿಯಬೇಕೆನಿಸುತ್ತದೆ. ಒಂದು ನಾಡಿನಲ್ಲಿ ಸೇವೆಯ ಹೆಸರು, ಇನ್ನೊಂದು ನಾಡಿನಲ್ಲಿ ಬಾಯಿಗೆ ತರಬಾರದ ನುಡಿ. 2022ರಲ್ಲಿ ಅಮೆರಿಕದ ಇಬ್ಬರು ಪ್ರಸಿದ್ಧ ಗಾಯಕಿಯರು ತಮ್ಮ ಹಾಡುಗಳಲ್ಲಿ ಆ ಪದ ಬಂದುದಕ್ಕೆ ಆಕ್ಷೇಪಣೆ ಎದ್ದೊಡನೆ ಅದನ್ನು ತೆಗೆದುಹಾಕಿದರು.

ಮಗಳು ಕೂಗಾಡಲಿಲ್ಲ. ಊಟ ಮುಗಿದ ಮೇಲೆ ಮಗನನ್ನು ಹತ್ತಿರ ಕೂಡ್ರಿಸಿಕೊಂಡು, “ನಿನ್ನ ಕ್ಲಾಸಿನೊಳಗ ಗಾಲಿಕುರ್ಚಿ ಮ್ಯಾಲೆ ಬರ್ತಾಳಲ್ಲ, ಆ ಹುಡುಗಿ ಮುಂದ ಇದನ್ನ ಅಂತೀಯೇನಪಾ?” ಎಂದು ಕೇಳಿದಳು. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಮಲಗುವ ಮುಂಚೆ ನಮ್ಮ ಕೋಣೆಗೆ ಬಂದು, “ಅಜ್ಜಾ, ಹಂಗಾದ್ರ ಡ್ಯಾಫ್ಟ್ ಅನ್ನಬಹುದೇನು?” ಎಂದನು. ಅವನ ಪ್ರಶ್ನೆಗೆ ನಾವು ಆ ರಾತ್ರಿ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇವೆ.

ಒಂದು ಮಾತು ಆಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಈ ಮಾತು ಒಬ್ಬನ ಕೆಲಸವನ್ನು ಕುರಿತದ್ದೋ, ಅವನ ಹುಟ್ಟನ್ನೂ ದೇಹವನ್ನೂ ಬಡತನವನ್ನೂ ಕುರಿತದ್ದೋ? ದಡ್ಡ ಕೆಲಸವನ್ನು ನಾಳೆ ಬಿಡಬಹುದು, ಹುಟ್ಟನ್ನು ಬಿಡಲಾಗದು. ಎರಡನೆಯದು, ಕೇಳಿದವನು ಅದೇ ಸಲಿಗೆಯಿಂದ ತಿರುಗಿ ಅನ್ನಬಲ್ಲನೋ ಇಲ್ಲವೋ? ಗೆಳೆಯನು ತಿರುಗಿ ಅಂದಾನು. ತಂಡದಲ್ಲಿ ಒಬ್ಬಂಟಿಯಾದವನು, ಕೈಕೆಳಗಿನ ನೌಕರನು ನಗುವಂತೆ ನಟಿಸಿ ಮನೆಗೆ ಹೋಗಿ ಅಳುತ್ತಾನೆ. ಮೂರನೆಯದು, ಈ ಊರಿನಲ್ಲಿ ಈ ಮಾತಿನ ಹಿಂದೆ ಯಾರ ನೆತ್ತರು, ಯಾರ ಕಣ್ಣೀರು ಇದೆ ಎಂಬುದು ನಮಗೆ ಗೊತ್ತೋ? ಗೊತ್ತಿಲ್ಲವಾದರೆ ಗೊತ್ತಾಗುವವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಅಕ್ಕನಿಗೆ ‘ಡ್ಯಾಫ್ಟ್’ ಅನ್ನಲು ಅಡ್ಡಿಯಿಲ್ಲ, ಏಕೆಂದರೆ ಅವಳು ನಿನಗೆ ಎರಡು ಸಲ ಅನ್ನುತ್ತಾಳೆ ಎಂದೆವು. ಹುಡುಗ ನಕ್ಕನು.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಸದಸ್ಯರು ಒಬ್ಬರನ್ನೊಬ್ಬರು ಹೇಡಿ, ಹಂದಿ, ಇಲಿ, ದ್ರೋಹಿ ಎಂದು ಕರೆಯುವುದಕ್ಕೆ ಸಭಾಧ್ಯಕ್ಷರು ಆಕ್ಷೇಪಿಸುತ್ತ ಬಂದಿದ್ದಾರೆ. ಆ ಪಾರ್ಲಿಮೆಂಟಿಗೆ ದೂರವಲ್ಲದ ಥೇಮ್ಸ್ ನದಿಯ ದಂಡೆಯ ಮೇಲೆ, ಲ್ಯಾಂಬೆತ್ ಭಾಗದಲ್ಲಿ, ಬಸವೇಶ್ವರರ ಪ್ರತಿಮೆ ನಿಂತಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಮಾತಿನ ಶುದ್ಧಿಯನ್ನು ಕುರಿತು ಬಸವಣ್ಣನವರು ಹೇಳಿದುದನ್ನು ನಮ್ಮ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಮನೆಮನೆಯ ಮಕ್ಕಳಿಗೂ ಅದು ಕಂಠಪಾಠ. ಆದರೆ ಶರಣರು ಬೈಗುಳದ ವಿಷಯದಲ್ಲಿ ಮಾಡಿದ ಇನ್ನೊಂದು ಕೆಲಸವನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

ಮಾದಾರ, ಡೋಹರ, ಅಂಬಿಗ ಎಂಬ ಮಾತುಗಳನ್ನು ಅಂದಿನ ಸಮಾಜ ತಿರಸ್ಕಾರದಿಂದ ಆಡುತ್ತಿತ್ತು. ಶರಣರು ಆ ಮಾತುಗಳನ್ನು ಮುಚ್ಚಿಡಲಿಲ್ಲ, ಅವಕ್ಕೆ ನಾಚಲಿಲ್ಲ. ಅವುಗಳ ಮುಂದೆ ‘ಅಯ್ಯ’ ಎಂಬ ಗೌರವವನ್ನು ಸೇರಿಸಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂದು ಕರೆದರು. ಹೀನವೆಂದು ಎಸೆದ ಪದವೇ ಪೂಜ್ಯವಾಯಿತು. ಹಾರ್ಟಲ್‌ಪೂಲ್‌ನವರು ನಗೆಯಿಂದ ಮಾಡಿದುದನ್ನು ಇವರು ಎಂಟು ನೂರು ವರ್ಷಗಳ ಹಿಂದೆಯೇ ಸಮತೆಯ ಬಲದಿಂದ, ಪ್ರಾಣವನ್ನು ಪಣವಿಟ್ಟು ಮಾಡಿದರು. ಅಂಬಿಗರ ಚೌಡಯ್ಯನವರ ನಾಲಗೆ ಎಷ್ಟು ಹರಿತವಾದುದೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಆ ನಿಷ್ಠುರ ನುಡಿ ಹೋದುದು ಡಾಂಭಿಕರ ಮೇಲೆ, ಬಲ್ಲಿದರ ಮೇಲೆ. ಕೈಲಾಗದವರ ಮೇಲೆ ಅಲ್ಲ.

ನಮ್ಮ ಮಕ್ಕಳು ಮೊಮ್ಮಕ್ಕಳು ಯಾವ ಊರಿನಲ್ಲಿ ಬೆಳೆದರೂ ಆ ಊರಿನ ನುಡಿಯನ್ನೇ ಆಡುವರು. ಅಲ್ಲಿಯ ಸಲಿಗೆಯ ಬೈಗುಳಗಳನ್ನೂ ಕಲಿಯುವರು. ಅದಕ್ಕೆ ಹಿರಿಯರು ಹೆದರಬೇಕಾಗಿಲ್ಲ, ಎಲ್ಲದಕ್ಕೂ ಗದರಬೇಕಾಗಿಯೂ ಇಲ್ಲ. ಮಗು ಹೊಸ ಪದವೊಂದನ್ನು ಮನೆಗೆ ತಂದ ದಿನ ಅದರ ಅರ್ಥವೇನು, ಅದು ಯಾರಿಗೆ ತಾಗುವುದು ಎಂದು ಕುಳಿತು ವಿಚಾರಿಸುವ ತಾಳ್ಮೆ ತಾಯಿತಂದೆಗಳಿಗೆ ಇರಲಿ. ದಿನವೂ ಲಿಂಗಪೂಜೆಗೆ ಕೈ ತೊಳೆದುಕೊಳ್ಳುವ ನಾವು ಬಾಯಿಯನ್ನೂ ಹೀಗೆ ತೊಳೆದುಕೊಳ್ಳುವುದು ಅಗತ್ಯ.